ತವರಿನ ವಾಚಿಗೆ ಹೊಸ ಬೂಟ್‌ಲೋಡರ್

ನಾನು ಏನನ್ನಾದರೂ ಸರಿಮಾಡಲು ಕೂತರೆ ಸುತ್ತ ನಾಲ್ಕು ಜನ ಅನುಮಾನಪಡುತ್ತ ಕೂರುವುದು ತಪ್ಪಿದ್ದಲ್ಲ. ಐದನೆಯವನು ನಾನೇ. ರಾಯದುರ್ಗದ ಜೀನ್ಸ್ ಫ್ಯಾಕ್ಟರಿಯೊಂದರಲ್ಲಿ ನಾನು ಹೊಲಿಗೆ ಮಷೀನ್ ಮೆಕ್ಯಾನಿಕ್, ಹೆಂಡತಿ ಅಲ್ಲೇ ಟೈಲರ್. ಅವಳ ಅಣ್ಣ ಅವಳಿಗೊಂದು ಸ್ಮಾರ್ಟ್ ವಾಚ್ ಕೊಟ್ಟಿದ್ದ. ಅದರ ಪ್ರೋಗ್ರಾಮನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಅದರ ಬೂಟ್‌ಲೋಡರ್, ಅಂದರೆ ವಾಚಿನಲ್ಲಿ ಎಲ್ಲಕ್ಕಿಂತ ಮೊದಲು ಎದ್ದು ಉಳಿದದ್ದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮು, ಹಳೆಯದಾಗಿತ್ತು. ಬದಲಿಸುವಾಗ ಅರ್ಧಕ್ಕೆ ನಿಂತರೆ ವಾಚು ಮತ್ತೆ ಏಳುವುದಿಲ್ಲ; ಹಿಂಬದಿ ಅಂಟಿಸಿದ್ದು, ಬಿಚ್ಚುವ ಹಾಗೂ ಇಲ್ಲ. ತವರಿನ ಉಡುಗೊರೆ ಕೆಡಿಸಿದ ಗಂಡನ ಗತಿ ನೆನೆದು ನನಗೆ ನಿಜವಾಗಿಯೂ ಭಯವಾಗಿತ್ತು.

೧. ಯಜಮಾನರು

ಫ್ಯಾಕ್ಟರಿ ಯಜಮಾನರು ಊಟದ ಹೊತ್ತಿನಲ್ಲಿ ವಾಚನ್ನು ದೂರದಿಂದಲೇ ನೋಡಿ, ಇದು ನಮ್ಮ ಮಾತು ಕದ್ದು ಕೇಳುತ್ತದೆಯೇ ಎಂದರು. ಅದರಲ್ಲಿ ಮೈಕೇ ಇಲ್ಲ, ಪ್ರೋಗ್ರಾಮೂ ಎಲ್ಲರ ಕಣ್ಣ ಮುಂದೆಯೇ ಇದೆ, ಕಳ್ಳತನವಿದ್ದರೆ ಓದಿದವರು ಹಿಡಿಯುತ್ತಾರೆ ಎಂದೆ.

"ನೀವು ಓದೀರೇನ್ರಿ?"

"ಇಲ್ರಿ. ಬ್ಯಾರೆ ಯಾರಾದ್ರೂ ಓದಿರ್ತಾರ್ರಿ."

"ಅವ್ರೂ ಹಿಂಗ ಅಂದ್ಕೊಂಡು ಬಿಟ್ಟಿದ್ರ?" ಎಂದು ಯಜಮಾನರು ಕೈತೊಳೆಯಲು ಎದ್ದರು.

೨. ಅತ್ತೆ

ಕೆಟ್ಟರೆ ಕೊಟ್ಟವನ ಎದುರಿಗೇ ಕೆಡಲಿ ಎಂದು ಭಾನುವಾರ ಮಡಕಶಿರದ ಬಸ್ಸು ಹಿಡಿದು ಅಗಳಿಗೆ, ಅತ್ತೆಯ ಮನೆಗೆ ಹೋಗಿ ಕೆಲಸಕ್ಕೆ ಕೂತೆ. ಅತ್ತೆ ಕ್ಯಾಲೆಂಡರ್ ನೋಡಿ, ಈಗ ರಾಹುಕಾಲ, ಆರು ಗಂಟೆ ತಂಕ ಮುಟ್ಬ್ಯಾಡ್ರಪ್ಪ ಎಂದರು. ಸಿಟ್ಟು ಬಂತು. ಸುಮ್ಮನೆ ಕೂರಲಾರದೆ ವಾಚನ್ನು ಚಾರ್ಜಿಗಿಟ್ಟೆ. ಚಾರ್ಜು ಕಾಲುಭಾಗವೂ ಇರಲಿಲ್ಲವೆಂದು ಆಗಲೇ ಕಂಡದ್ದು. ಆರಕ್ಕೆ ಪೂರ್ತಿ ತುಂಬಿತ್ತು. ಫೋನನ್ನು ಪಕ್ಕದಲ್ಲೇ ಇಟ್ಟು ಅದರಿಂದ ವಾಚಿಗೆ ಹೊಸ ಬೂಟ್‌ಲೋಡರ್ ಫೈಲ್ ಕಳಿಸಿದೆ. ಮುಗಿಯುವವರೆಗೆ ಅತ್ತೆ ಯಾರನ್ನೂ ಹತ್ತಿರ ಬಿಡಲಿಲ್ಲ, ನನ್ನನ್ನೂ ಸೇರಿಸಿ. ವಾಚು ಎದ್ದಿತು. ಚಾರ್ಜಿನ ವಿಷಯ ಎಷ್ಟು ಬಿಡಿಸಿ ಹೇಳಿದರೂ ಕೀರ್ತಿಯೆಲ್ಲ ರಾಹುಕಾಲ ನೋಡಿದ ಅತ್ತೆಗೇ ಹೋಯಿತು.

೩. ನಾನು

ಬೂಟ್‌ಲೋಡರ್ ಹೊಸದಾಯಿತು. ಮರುದಿನ ಫ್ಯಾಕ್ಟರಿಯಲ್ಲಿ, ಅದು ಎಬ್ಬಿಸುವ ಮುಖ್ಯ ಪ್ರೋಗ್ರಾಮನ್ನೂ ಹೊಸದಾಗಿ ಹಾಕಿದೆ. ಆದರೆ ವಾಚು ಆಫ್ ಆಗಿ ಆನ್ ಆದರೆ ಹಳೆಯದೇ ಬರುತ್ತಿತ್ತು. ಮೂರು ಸಲ ಹಾಕಿದೆ, ಮೂರು ಸಲವೂ ಹಳೆಯದು. ಯಜಮಾನರು ಏನೋ ಮಾಡಿಸಿದ್ದಾರೆ ಎಂದುಕೊಂಡೆ. ಅತ್ತೆ ಏನೋ ಒತ್ತಿದ್ದಾರೆ ಎಂದುಕೊಂಡೆ. ಕೊಟ್ಟ ಭಾವಮೈದನನ್ನೂ ಬಿಡಲಿಲ್ಲ.

ಹೆಂಡತಿ ಜೇಬು ಹೊಲಿಯುವುದನ್ನು ನಿಲ್ಲಿಸಿ, ವಾಚು ನಿಮ್ಮನ್ನು ಏನಾದರೂ ಕೇಳಿತಾ ಎಂದಳು. ಕೇಳಿತ್ತು: ಹೊಸದು ಸರಿಯಿದೆಯಾ, ಒಪ್ಪುತ್ತೀರಾ ಎಂದು. ಗುರುತಿಲ್ಲದವರು ಒಪ್ಪಿಗೆ ಕೇಳಿದರೆ ಒತ್ತಬಾರದೆಂದು ನಾನು ಮೂರು ಸಲವೂ ಒತ್ತಿರಲಿಲ್ಲ.

"ಸ್ಯಾಂಪಲ್ ಪೀಸಿಗೆ ಓಕೆ ಬೀಳ್ದೆ ಇಲ್ಲಿ ಯಾರಾದ್ರೂ ಬಟ್ಟೆ ಕಟ್ ಮಾಡ್ತಾರಾ?" ಎಂದು, ನನ್ನಿಂದ ಇನ್ನೊಂದು ಸಲ ಹಾಕಿಸಿ, ಒಪ್ಪಿಗೆ ತಾನೇ ಒತ್ತಿದಳು. ಆಫ್ ಮಾಡಿ ಆನ್ ಮಾಡಿದಳು. ಹೊಸದು ನಿಂತಿತು.

ಒಪ್ಪಿಗೆ ಸಿಗಲಿಲ್ಲವೆಂದು ಹಳೆಯ ಜಾಗಕ್ಕೆ ಹೊರಟುಬಿಡುವುದು ಎಂಥ ವಿಚಿತ್ರ ಎಂದೆ.

"ಅದ್ರಾಗೇನೈತೆ ವಿಚಿತ್ರ? ಮದ್ವೆಯಾಗಿ ಹನ್ನೆರಡು ವರ್ಷ ಆತು, ನನ್ನ ಸಾರು ಚೆನ್ನಾಗೈತೆ ಅಂತ ನೀವು ಒಂದ್ಸಲನೂ ಒಪ್ಪಿಲ್ಲ. ಮಡಕಶಿರದ ಬಸ್ಸು ಐದಕ್ಕೈತೆ."

ಆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲೇ ಸಾರು ಬಹಳ ಚೆನ್ನಾಗಿದೆ ಎಂದುಬಿಟ್ಟೆ.