ಮಿಕ್ಕ ಸ್ಕ್ರೂಗಳು

ಹಾಲಸ್ವಾಮಿಯ ಹೊಟ್ಟೆಕಿಚ್ಚಿಗೆ ತುಪ್ಪ ಸುರಿದದ್ದು ಹೆಂಡತಿಯ ತವರಿನವರ ವಾಟ್ಸಾಪ್ ಗುಂಪು. ಅದರಲ್ಲಿ ಅವನ ಷಡ್ಡಕ ರವಿಶಂಕರ ಗುರುವಾರ ಒಂದು ಫೋಟೋ ಹಾಕಿದ್ದ. ಥಳಥಳಿಸುವ ಕಪ್ಪು ಸಿಪಿಯು ಡಬ್ಬ, ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ನಗುತ್ತಿರುವ ಅವನು. ‘ಪೂರ್ತಿ ಬಿಚ್ಚಿ, ಧೂಳು ತೆಗೆದು, ನಾನೇ ಜೋಡಿಸಿದೆ’ ಎಂಬ ಒಕ್ಕಣೆ. ಶನಿವಾರವಾದರೂ ಅದಕ್ಕೆ ಚಪ್ಪಾಳೆ ಬೀಳುತ್ತಲೇ ಇತ್ತು. ಹಾಲಸ್ವಾಮಿಯ ಹೆಂಡತಿ ಪ್ರಿಯಂವದಾಳದ್ದೇ ಮೂರು ಚಪ್ಪಾಳೆ. ಮದುವೆಯಾದಾಗಿನಿಂದ ಗಂಡನಿಗೆ ಅವಳು ಒಂದು ಹೆಬ್ಬೆರಳನ್ನೂ ಕಳಿಸಿದವಳಲ್ಲ.

ಅಂಥದ್ದೇ ಕಂಪ್ಯೂಟರು ವಿನೋಬನಗರದ ಹಾಲಸ್ವಾಮಿಯ ಮನೆಯಲ್ಲೂ ಇತ್ತು. ಭದ್ರಾವತಿಯ ಮಾವ ಜಯಪ್ಪನವರು ದೀಪಾವಳಿಗೆ ಇಬ್ಬರು ಅಳಿಯಂದಿರಿಗೂ ಒಂದೇ ಅಂಚಿನ ಪಂಚೆ ಕೊಡುವವರು. ಕಂಪ್ಯೂಟರನ್ನೂ ಹಾಗೇ ಅಲ್ಲಿನ ಒಂದೇ ಅಂಗಡಿಯಲ್ಲಿ ಜೋಡಿ ನೋಡಿ ಕೊಡಿಸಿದ್ದರು, ಅಳಿಯಂದಿರ ಮಧ್ಯೆ ಹೆಚ್ಚುಕಮ್ಮಿ ಬರಬಾರದೆಂದು.

“ನಮ್ದೂ ಹಿಟ್ಟಿನ ಗಿರಣಿ ತರ ಸದ್ದು ಮಾಡುತ್ತೆ ಕಣ್ರೀ. ರಾಗಿಗುಡ್ಡದಿಂದ ಭಾವನ್ನೇ ಕರೆಸೋಣ. ನೀವು ಮಾತ್ರ ಮುಟ್ಬೇಡಿ,” ಎಂದು ಹೇಳಿ ಪ್ರಿಯಂವದಾ ಗೆಳತಿಯ ಗೃಹಪ್ರವೇಶಕ್ಕೆ ಗಾಜನೂರಿಗೆ ಹೊರಟಳು.

ಆ ‘ನೀವು ಮಾತ್ರ’ ಅವನಿಗೆ ಚುಚ್ಚಿತು. ಎರಡನೇ ಶನಿವಾರ, ಕಚೇರಿಗೆ ರಜೆ. ಸಂಜೆ ಅವಳು ಬರುವುದರೊಳಗೆ ತಾನೇ ಬಿಚ್ಚಿ ಜೋಡಿಸಿ, ‘ನಮ್ಮನೆಯವ್ರೇ ಮಾಡಿದ್ದು’ ಎಂದು ಅವಳು ಗುಂಪಿನಲ್ಲಿ ಬರೆಯುವಂತೆ ಮಾಡಬೇಕೆಂದು ಹಠ ಹುಟ್ಟಿತು.

ಡಬ್ಬವನ್ನು ಜಗಲಿಗೆ ತಂದಿಟ್ಟದ್ದೇ ತಡ, ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರು ಮಧುಸೂದನ ಕಾಂಪೌಂಡು ದಾಟಿ ಬಂದರು. ಅವರು ಜೀವಮಾನದಲ್ಲಿ ಬಿಚ್ಚಿದ್ದು ಟಾರ್ಚೊಂದನ್ನೇ ಆದರೂ ಸಲಹೆಗೆ ಬರವಿರಲಿಲ್ಲ. ಅವರ ಹೆಂಡತಿ ವಿಶಾಲಮ್ಮ ಇಡ್ಲಿ ತಟ್ಟೆಯನ್ನೇ ತಂದುಕೊಟ್ಟು, ಒಂದೊಂದು ಜಾಗದ ಸ್ಕ್ರೂ ಒಂದೊಂದು ಗುಳಿಯಲ್ಲಿಟ್ಟರೆ ಕಲಸುಮೇಲೋಗರ ಆಗುವುದಿಲ್ಲ ಎಂದರು. ಹಾಲಸ್ವಾಮಿಗೆ ಈ ಉಪಾಯ ರವಿಶಂಕರನಿಗೆ ಹೊಳೆದಿರಲಾರದೆಂದು ಖುಷಿಯಾಯಿತು.

ಫ್ಯಾನು ಕಳಚಿದಾಗ ಅದರಡಿಯಲ್ಲಿ ಒಣಗಿದ ವಿಭೂತಿಯಂಥ ಬಿಳಿ ಪದಾರ್ಥ ಕಂಡಿತು. ಇದೇ ಎಲ್ಲ ರೋಗದ ಮೂಲ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಹಾಲಸ್ವಾಮಿ ಹಳೇ ಬನಿಯನ್ನಿನಿಂದ ಅದನ್ನು ತಿಕ್ಕಿ ತಿಕ್ಕಿ ಒರೆಸಿದ.

ಅಷ್ಟರಲ್ಲಿ ವಿಶಾಲಮ್ಮನ ಮನೆಗೆ ನೆಂಟರು ಬಂದರು. ನೆಂಟರಿಗೆ ಇಡ್ಲಿಯೇ ಆಗಬೇಕು. ಗಂಡಸರಿಬ್ಬರೂ ಧೂಳು ಊದುತ್ತಿದ್ದಾಗ ಆಕೆ ಸ್ಕ್ರೂಗಳನ್ನೆಲ್ಲ ಒಂದು ಲೋಟಕ್ಕೆ ಸುರಿದು ತಟ್ಟೆ ತೆಗೆದುಕೊಂಡು ಹೋಗಿದ್ದರು.

ಅಂದಾಜಿನ ಮೇಲೆ ಜೋಡಿಸಿದ್ದಾಯಿತು. ಲೋಟದಲ್ಲಿ ಐದು ಸ್ಕ್ರೂ ಮಿಕ್ಕವು. ಕಂಪನಿಯವರು ಕೊಸರಿಗೆಂದು ಹೆಚ್ಚೇ ಹಾಕಿರುತ್ತಾರೆ ಎಂದರು ಮೇಷ್ಟ್ರು. ಗುಂಡಿ ಒತ್ತಿದರೆ ದೀಪ ಹತ್ತಿತು, ಫ್ಯಾನು ತಿರುಗಿತು, ಆಮೇಲೆ ಎಲ್ಲವೂ ನಿಂತಿತು. ಎಷ್ಟು ಸಲ ಒತ್ತಿದರೂ ಅದೇ ಕತೆ. ಮೇಷ್ಟ್ರಿಗೆ ಮನೆಯಲ್ಲಿ ನೆಂಟರಿರುವುದು ನೆನಪಾಯಿತು.

ಊರೊಳಗಿನ ಅಂಗಡಿಗೆ ಒಯ್ದರೆ ಯಾರಾದರೂ ನೋಡಿ, ಸುದ್ದಿ ರಾಗಿಗುಡ್ಡ ಮುಟ್ಟುವುದು ಖಂಡಿತ. ಹಾಲಸ್ವಾಮಿ ಐದೂ ಸ್ಕ್ರೂಗಳನ್ನು ಜೇಬಿಗಿಳಿಸಿ, ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಭದ್ರಾವತಿ ಬಸ್ಸು ಹತ್ತಿದ. ತೊಡೆಯ ಮೇಲಿನ ಗಂಟನ್ನು ನೋಡಿ ಪಕ್ಕದ ಅಜ್ಜಿ, ಯಾವ ದೇವರೆಂದು ಕೇಳಿ ಕೈಮುಗಿದರು. ಅವನೂ ಮನಸ್ಸಿನಲ್ಲೇ ಕೈಮುಗಿದ.

ಮಾವ ಕೊಡಿಸಿದ್ದ ಅದೇ ಅಂಗಡಿಯ ಮೆಕ್ಯಾನಿಕ್ಕು ಮುಚ್ಚಳ ತೆಗೆದು ನಿಟ್ಟುಸಿರಿಟ್ಟ. “ಬಿಸಿ ಎಳ್ಕೊಳ್ಳೋ ಪೇಸ್ಟನ್ನೇ ಒರೆಸಿಬಿಟ್ಟಿದೀರಲ್ಲ ಸಾರ್. ಈಗೀಗ ವಿಡಿಯೋ ನೋಡಿ ಬಿಚ್ಚೋರೇ ಜಾಸ್ತಿ ಆಗಿದಾರೆ.”

ರಿಪೇರಿ ಆಗುವ ತನಕ ಹಾಲಸ್ವಾಮಿ ಮಾವನ ಕಣ್ಣಿಗೆ ಬೀಳದಂತೆ ಹೋಟೆಲೊಂದರ ಮೂಲೆಯಲ್ಲಿ ಕಾಫಿಯ ಮೇಲೆ ಕಾಫಿ ಕುಡಿದ. ವಾಪಸು ಬಂದಾಗ ಮೆಕ್ಯಾನಿಕ್ಕು ಫೋನಿನಲ್ಲಿ ಯಾರ ಜತೆಗೋ ಜಗಳವಾಡುತ್ತ, ಆಯ್ತು ತಗೊಂಡು ಹೋಗಿ ಎಂಬಂತೆ ಬೆಂಚಿನ ಕಡೆ ಕೈ ತೋರಿಸಿದ. ಬೆಂಚಿನ ತುದಿಯಲ್ಲಿ ಮುಚ್ಚಳ ಹಾಕಿ ಒರೆಸಿಟ್ಟ ಕಪ್ಪು ಡಬ್ಬವಿತ್ತು. ಹಾಲಸ್ವಾಮಿ ಅದನ್ನು ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ಮನೆಯಲ್ಲಿ ಕೊನೆಯ ವೈರು ಸಿಕ್ಕಿಸುವುದಕ್ಕೂ ಪ್ರಿಯಂವದಾ ಒಳಗೆ ಬರುವುದಕ್ಕೂ ಸರಿಹೋಯಿತು.

“ನೋಡು, ನಾನೇ ಬಿಚ್ಚಿ ಜೋಡಿಸಿದೆ,” ಎಂದು ಗುಂಡಿ ಒತ್ತಿದ. ಗಿರಣಿಯ ಸದ್ದಿಲ್ಲ. ಹೆಂಡತಿಯ ಕಣ್ಣು ಅರಳಿತು. ಈ ಗಳಿಗೆಗಾಗಿ ಎಷ್ಟು ಕಾದಿದ್ದ ಹಾಲಸ್ವಾಮಿ. ಅವಳು ಫೋಟೋ ತೆಗೆಯಲು ಫೋನನ್ನೂ ಎತ್ತಿದಳು.

ಪರದೆ ಬೆಳಗಿತು. ಅದರ ತುಂಬ ತಂಪು ಕನ್ನಡಕ ಹಾಕಿಕೊಂಡ ರವಿಶಂಕರ, ಪಕ್ಕದಲ್ಲಿ ಪ್ರಿಯಂವದಾಳ ಅಕ್ಕ.

ಪ್ರಿಯಂವದಾ ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು. “ಭಾವ ಬಂದಿದ್ರಾ? ತಮ್ದನ್ನ ಇಲ್ಲಿಟ್ಟು ನಮ್ದನ್ನ ರಿಪೇರಿಗೆ ತಗೊಂಡು ಹೋದ್ರಾ? ಅಂತೂ ನೀವು ಕೆಡಿಸಿಟ್ರಿ.”

ಇಲ್ಲವೆನ್ನಬೇಕಾದರೆ ಭದ್ರಾವತಿಯ ಕತೆ ಹೇಳಬೇಕು. ಅವಳಾಗಲೇ ಭಾವನಿಗೆ ಫೋನು ಹಚ್ಚಿ ಎಷ್ಟು ಉಪಕಾರವಾಯಿತೆಂದು ಹೇಳತೊಡಗಿದ್ದಳು. ಆ ಕಡೆಯಿಂದ ಮೊದಲೊಂದು ಕೆಮ್ಮು ಕೇಳಿತು. ಆಮೇಲೆ, “ಅಯ್ಯೋ, ಅದಕ್ಕೇನಂತೆ, ನಮ್ಮೋರೇ ಅಲ್ವಾ,” ಎಂಬ ದೊಡ್ಡ ಮನಸ್ಸಿನ ಧ್ವನಿ ಕೇಳಿತು. ಅವಳು ಫೋನನ್ನು ಗಂಡನ ಕೈಗಿತ್ತು, ನೀವೂ ಒಂದು ಥ್ಯಾಂಕ್ಸ್ ಹೇಳಿ ಎಂದಳು.

ಥ್ಯಾಂಕ್ಸ್ ಹೇಳಿ ಹಾಲಸ್ವಾಮಿ ಫೋನನ್ನು ಕಿವಿಯಲ್ಲಿಟ್ಟುಕೊಂಡೇ ಜಗಲಿಗೆ ಬಂದ. ಗುರುವಾರದ ಫೋಟೋದಲ್ಲಿ ಡಬ್ಬವಿತ್ತು, ರವಿಶಂಕರನಿದ್ದ. ಬೆಳಗುವ ಪರದೆ ಮಾತ್ರ ಇರಲಿಲ್ಲವೆಂಬುದು ಈಗ ಅವನಿಗೆ ಹೊಳೆಯಿತು.

ರವಿಶಂಕರ ಧ್ವನಿ ತಗ್ಗಿಸಿದ. “ನೀವೂ ಭದ್ರಾವತಿಗೇ ಒಯ್ದಿದ್ರಾ? ಯಾರಿಗೂ ಹೇಳ್ಬೇಡಿ ಮಾರಾಯ್ರೆ. ಅಂದ ಹಾಗೆ, ಜೋಡಿಸಿದ್ಮೇಲೆ ನಿಮ್ಗೆ ಎಷ್ಟು ಸ್ಕ್ರೂ ಮಿಕ್ತು?”

ಹಾಲಸ್ವಾಮಿ ಜೇಬು ಮುಟ್ಟಿ ನೋಡಿಕೊಂಡ. “ಐದು.”

“ಹೌದಾ?” ಎಂದ ರವಿಶಂಕರ. ಅವನ ಧ್ವನಿ ಮತ್ತೆ ಏರಿತು. “ನಂಗೆ ಎರಡೇ ಮಿಕ್ಕಿದ್ದು.”

ಆ ರಾತ್ರಿ ಹಾಲಸ್ವಾಮಿಗೆ ಊಟ ಸೇರಲಿಲ್ಲ.