ಹಾಜಿಯವರ ಎಡಗೈ ಬಂದೂಕು

ತಮಾಷೆಯ ಪ್ರಸಂಗಗಳನ್ನು ಹುಡುಕಿಕೊಂಡು ಊರೂರು ಅಲೆಯುವವರಿದ್ದಾರಂತೆ. ನನಗೆ ಆ ಕಷ್ಟ ಬಂದಿಲ್ಲ. ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದರೂ ಸಾಕು, ಅವೇ ಗಾಜಿನ ಬಾಗಿಲು ತಳ್ಳಿಕೊಂಡು ಬಂದು "ಸಲಾಂ" ಅನ್ನುತ್ತವೆ. ಆ ಕುರ್ಚಿ ಇದ್ದದ್ದು ದುಬೈನ ದೇರಾದಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ. ಕರಾಮದ ಪುಟ್ಟ ಫ್ಲಾಟಿನಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಮೆಟ್ರೋ ಇರಲಿಲ್ಲ, ನನಗೆ ಚಾಳೀಸೂ ಬಂದಿರಲಿಲ್ಲ.

ಸ್ಪೋರ್ಟ್ಸ್ ಸಾಮಾನು

ಅಂಗಡಿಯಲ್ಲಿ ಮಾರುತ್ತಿದ್ದುದು ಡೇರೆ, ದುರ್ಬೀನು ಮತ್ತು ಪೊಲೀಸ್ ಪರವಾನಗಿ ತಂದವರಿಗೆ ಬೇಟೆಯ ಬಂದೂಕು. ಇಂಗ್ಲಿಷ್ ಎಂ.ಎ. ಮಾಡಿದ್ದ ನನಗೆ ವಿದೇಶದ ಕಾರ್ಖಾನೆಗಳಿಗೆ ಫ್ಯಾಕ್ಸ್ ಬರೆಯುವ ಕೆಲಸ. ಕೆಲಸ ಸಿಕ್ಕ ದಿನ ಧಾರವಾಡಕ್ಕೆ ಫೋನ್ ಮಾಡಿದೆ.

"ಎಂಥಾ ಅಂಗಡಿ ಅಂದಿ?" ಅಂದಳು ಅವ್ವ.

"ಬಂದೂಕಿಂದು."

ಅವ್ವ ಫೋನ್ ಇಟ್ಟೇಬಿಟ್ಟಳು. ಮುಂದಿನ ವಾರ ಗೊತ್ತಾಯಿತು, ಮಗಳಿಗೆ ಸ್ಪೋರ್ಟ್ಸ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಅಂತ ಓಣಿಗೆಲ್ಲ ಹೇಳಿಬಿಟ್ಟಿದ್ದಾಳೆ.

"ಸುಳ್ಳ್ಯಾಕ ಹೇಳ್ದಿ ಅವ್ವಾ?"

"ಸುಳ್ಳೇನ ಬಂತು ಅದರಾಗ? ಒಬ್ಬರು ಓಡ್ತಾರ, ಒಬ್ಬರು ಬೆನ್ನ ಹತ್ತತಾರ. ಸ್ಪೋರ್ಟ್ಸ್ ಅಲ್ಲೇನ ಮತ್ತ?"

ಎಡಚರಿಬ್ಬರು

ಒಂದು ಮಧ್ಯಾಹ್ನ ಅರವತ್ತರ ಹತ್ತಿರದ ಎಮಿರಾತಿ ಹಿರಿಯರೊಬ್ಬರು ಬಂದರು. ಅಲ್ ಐನ್‌ನಲ್ಲಿ ಖರ್ಜೂರದ ತೋಟ ಇದ್ದವರು. ಎಲ್ಲರೂ ಅವರನ್ನು ಹಾಜಿ ಅನ್ನುತ್ತಿದ್ದರು. ಹರೆಯದಲ್ಲಿ ವ್ಯಾಪಾರಕ್ಕೆಂದು ಬೊಂಬಾಯಿಯಲ್ಲಿ ಇದ್ದವರಾದ್ದರಿಂದ ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ನಾನು ಬರೆಯುವುದನ್ನೇ ನೋಡುತ್ತ ನಿಂತರು.

"ಬೇಟಿ, ನೀನೂ ಎಡಗೈಯವಳಾ?"

"ಹೌದು ಹಾಜಿ."

"ಮನೆಯಲ್ಲಿ ಬಿಟ್ಟರಾ?"

"ಎಲ್ಲಿ ಬಿಟ್ಟರು! ಊಟಕ್ಕೆ ಕೂತರೆ ಅಜ್ಜಿ ನನ್ನ ಎಡಗೈಯನ್ನು ತನ್ನ ಸೆರಗಿಗೆ ಕಟ್ಟಿ ಹಾಕ್ತಿದ್ಲು."

"ನೀನು ಪುಣ್ಯವಂತೆ. ನಮ್ಮಜ್ಜಿ ಕೈ ಮೇಲೆ ಕೂತುಬಿಡ್ತಿದ್ದಳು."

ಅಲ್ಲಿಗೆ ನಾವು ಸ್ನೇಹಿತರಾದೆವು. ಹಾಜಿ ತಮ್ಮ ಸಂಕಟ ಹೇಳಿಕೊಂಡರು. ಪ್ರತಿ ಚಳಿಗಾಲ ಅಣ್ಣನ ಜೊತೆ ಆಫ್ರಿಕಾಕ್ಕೆ ಜಿಂಕೆ ಬೇಟೆಗೆ ಹೋಗುತ್ತಾರೆ. ಇವರಿಗೆ ಸಿಕ್ಕಿರುವುದು ಅಣ್ಣ ಬಳಸಿ ಬಿಟ್ಟ ಬಂದೂಕು. ಒಂದು ಗುಂಡು ಹಾರಿದ ಮೇಲೆ ಬೋಲ್ಟನ್ನು ಬಾಗಿಲ ಚಿಲಕದ ಹಾಗೆ ಎತ್ತಿ, ಎಳೆದು, ಮುಂದಕ್ಕೆ ತಳ್ಳಿದರೆ ಮಾತ್ರ ಇನ್ನೊಂದು ಗುಂಡು ಒಳಗೆ ಬರುತ್ತದೆ. ಆ ಚಿಲಕ ಇರುವುದು ಬಲಕ್ಕೆ. ಎಡಗೈಯವರು ಬಂದೂಕಿನ ಮೇಲಿಂದ ಕೈ ದಾಟಿಸಿ ಅದನ್ನು ಹುಡುಕುವಷ್ಟರಲ್ಲಿ ಜಿಂಕೆ ಪಕ್ಕದ ದೇಶದಲ್ಲಿರುತ್ತದೆ.

ಡೇರೆಯಲ್ಲಿ ಅಣ್ಣನ ಕಾನೂನು ಒಂದೇ: ಯಾರ ಬೇಟೆ ಕೊನೆಗೆ ಬೀಳುತ್ತದೋ ಅವರು ಎಲ್ಲರಿಗೂ ಕಾಫಿ ಬಗ್ಗಿಸಬೇಕು, ವಾಪಸ್ಸು ಹೊರಡುವ ತನಕ. ಮೂವತ್ತು ಚಳಿಗಾಲದಿಂದ ಹಾಜಿಯೇ ಬಗ್ಗಿಸುತ್ತಿದ್ದಾರೆ.

"ಈ ವರ್ಷ ಅಣ್ಣನ ಕೈಯಿಂದ ಒಂದು ಕಪ್ ಕಾಫಿ ಕುಡೀಬೇಕು. ಅಷ್ಟೇ ನನ್ನ ಆಸೆ" ಅಂದರು.

ಅರಬರಲ್ಲಿ ಕಾಫಿಯ ಹೂಜಿಯನ್ನು ಎಡಗೈಯಲ್ಲಿ ಹಿಡಿದು, ಕಪ್ಪನ್ನು ಬಲಗೈಯಲ್ಲಿ ಕೊಡುವುದು ಪದ್ಧತಿ. ಅದನ್ನು ನೆನೆಸಿಕೊಂಡು ಹಾಜಿ ನಿಟ್ಟುಸಿರು ಬಿಟ್ಟರು. "ನನ್ನಷ್ಟು ಚೆನ್ನಾಗಿ ಯಾರೂ ಬಗ್ಗಿಸಲ್ಲ ಅಂತ ಹೊಗಳ್ತಾರೆ. ಅದೇ ದೊಡ್ಡ ತೊಂದರೆ ಆಗಿರೋದು."

ಜಿಂಕೆಯ ಒಪ್ಪಿಗೆ

ಇನ್ನು ಗುಂಡಿನ ಅಳತೆ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಅಷ್ಟು ಚರ್ಚೆ ಆಗುವುದಿಲ್ಲ. ನಮ್ಮಲ್ಲಿ ಬಂದೂಕು ರಿಪೇರಿ ಮಾಡುವ ಪೇಶಾವರದ ಉಸ್ತಾದರಿದ್ದರು. ಅವರಿಗೆ ದೊಡ್ಡದೆಲ್ಲ ಒಳ್ಳೆಯದು.

"ತ್ರೀ ಹಂಡ್ರೆಡ್ ಮ್ಯಾಗ್ನಮ್ ತಗೊಳ್ಳಿ ಹಾಜಿ. ಗಂಡಸರದ್ದು. ಭುಜಕ್ಕೆ ಒದ್ದರೆ ಒದ್ದ ಹಾಗಿರಬೇಕು!"

"ಈಗ ಇರೋದೂ ಅದೇ" ಅಂದರು ಹಾಜಿ ಸಣ್ಣ ದನಿಯಲ್ಲಿ. "ಅದು ಒದೆಯುತ್ತಲ್ಲ ಅಂತ ನಾನು ಮೊದಲೇ ಎರಡೂ ಕಣ್ಣು ಮುಚ್ಚಿಕೊಳ್ತೀನಿ."

ನಾನು ಕ್ಯಾಟಲಾಗ್ ತೆರೆದೆ. ಫ್ಯಾಕ್ಸ್ ಬರೆದೂ ಬರೆದೂ ಅದರ ಕೋಷ್ಟಕಗಳು ನನಗೆ ಮಗ್ಗಿಯ ಹಾಗೆ ಬಾಯಿಗೆ ಬಂದಿದ್ದವು.

"ಟೂ ಸೆವೆಂಟಿ ಸಾಕು ಹಾಜಿ. ಒದೆತ ಕಡಿಮೆ, ಗುಂಡು ದೂರದವರೆಗೆ ನೆಟ್ಟಗೆ ಹೋಗುತ್ತೆ, ಜಿಂಕೆಗೆ ಧಾರಾಳ ಆಯ್ತು."

ಉಸ್ತಾದರಿಗೆ ರೇಗಿತು. "ಮೇಡಂ, ನೀವು ಮಾಂಸ ತಿಂತೀರಾ?"

"ಇಲ್ಲ."

"ಮೊಟ್ಟೆ?"

"ಕೇಕಿನಲ್ಲಿದ್ದರೆ, ಗೊತ್ತಾಗದ ಹಾಗೆ."

"ಕೇಳಿದಿರಾ ಹಾಜಿ? ಮೊಟ್ಟೆ ಒಡೆಯದವರ ಮಾತು ಕೇಳಿ ಬಂದೂಕು ತಗೊಳ್ತೀರಾ?"

ಹಾಜಿ ಗಡ್ಡ ನೀವಿಕೊಂಡರು. "ಇವಳ ಮಾತೇ ಸರಿ. ಇವಳು ಹೇಳಿದಳು ಅಂದರೆ ಜಿಂಕೆಯ ಕಡೆಯವರೂ ಒಪ್ಪಿದ ಹಾಗೆ."

ಅಂಗೈಯ ಚಿತ್ರ

ಜರ್ಮನಿಯ ಕಾರ್ಖಾನೆಗೆ ಎಡಗೈ ಬಂದೂಕಿಗೆ ಫ್ಯಾಕ್ಸ್ ಕಳಿಸಿದೆ. ನಮ್ಮಂಗಡಿಯಿಂದ ಅಂಥ ಆರ್ಡರು ಹಿಂದೆಂದೂ ಹೋಗಿರಲಿಲ್ಲ. ನಾನು ಟೈಪು ಮಾಡುವಾಗ ತಪ್ಪಿರಬೇಕೆಂದು ಅವರು ದೊಡ್ಡ ಮನಸ್ಸು ಮಾಡಿ ತಿದ್ದಿಕೊಂಡು, ಬಲಗೈಯದೇ ಕಳಿಸುತ್ತೇವೆ ಎಂದು ಉತ್ತರಿಸಿದರು. ಇನ್ನೊಂದು ಬರೆದೆ. "ಚಿಂತೆ ಬೇಡ, ತಿದ್ದಿಯಾಗಿದೆ" ಅಂತ ಬಂತು.

ಬೇಟೆಗೆ ಉಳಿದಿದ್ದುದು ಮೂರೇ ತಿಂಗಳು. ಹಾಜಿ ದಿನಾ ಫೋನ್ ಮಾಡುತ್ತಿದ್ದರು. ತಲೆಕೆಟ್ಟು, ಹಾಳೆಯ ಮೇಲೆ ನನ್ನ ಎಡಗೈಯನ್ನೇ ಇಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, "ಈ ಕೈಗೆ!" ಎಂದು ಬರೆದು ಕಳಿಸಿದೆ. ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಹೇಳಿಯಾರು?

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೆಮ್ಮೆಯಿಂದ ಹೇಳಿದೆ. ಎಂಜಿನಿಯರಾದ ಅವರು ಎತ್ತಿದ ತುತ್ತನ್ನು ತಟ್ಟೆಗಿಟ್ಟರು. "ಅಲ್ಲ ಮಾರಾಯ್ತಿ, ಕೈ ಬೋರಲು ಹಾಕಿದರೆ ಎಡ, ಅಂಗಾತ ಹಾಕಿದರೆ ಬಲ. ಗೆರೆ ನೋಡಿ ಅವರಿಗೆ ಹ್ಯಾಂಗ ಗೊತ್ತಾಗಬೇಕು?"

ಬೆಳಿಗ್ಗೆ ಜರ್ಮನಿಯವರೂ ಅದನ್ನೇ ಕೇಳಿದ್ದರು. ಬೋರಲು ಅಂತ ತಿಳಿಯಲಿ ಎಂದು ಐದು ಬೆರಳಿಗೂ ಉಗುರು ಬರೆದೆ. ಕೈ ಬೋಳಾಗಿ ಕಂಡಿತು, ನಾಲ್ಕು ಬಳೆಯನ್ನೂ ಬರೆದೆ. ಒಂದೇ ಗಂಟೆಯಲ್ಲಿ ಉತ್ತರ ಬಂತು:

"ಎಡಗೈ ಎಂಬುದು ಖಚಿತವಾಯಿತು. ಬಂದೂಕಿನ ಹಿಡಿಯನ್ನು ಹೆಂಗಸರ ಅಳತೆಗೆ ಗಿಡ್ಡ ಮಾಡಬೇಕೇ?"

ಉಸ್ತಾದರ ಸುಲೈಮಾನಿ

ಬಂದೂಕು ಬಂತು. ಹಾಜಿ ಅದನ್ನು ಮೊಮ್ಮಗುವಿನಂತೆ ಎತ್ತಿಕೊಂಡು, ಖಾಲಿ ಇದೆಯೆಂದು ಉಸ್ತಾದರು ಎರಡು ಸಲ ನೋಡಿದ ಮೇಲೆ, ಗೋಡೆಗೆ ಗುರಿ ಹಿಡಿದು ಕುದುರೆ ಎಳೆದರು. ಟಕ್! ಎಡಗೈ ಪಟ್ಟನೆ ಬಂದೂಕಿನ ಮೇಲಿಂದ ಬಲಕ್ಕೆ ಹಾರಿ ಬರೀ ಗಾಳಿಯನ್ನು ಹಿಡಿಯಿತು. ಬೋಲ್ಟು ಈಗ ಎಡಕ್ಕಿತ್ತು, ಕೈಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಇನ್ನೊಮ್ಮೆ ಎಳೆದರು. ಮತ್ತೆ ಗಾಳಿ. ಹತ್ತನೆಯ ಸಲ ಹಾಜಿ ಕುರ್ಚಿಯಲ್ಲಿ ಕುಸಿದರು.

"ಖಲಾಸ್ ಬೇಟಿ. ಹೂಜಿ ತೊಳೆದಿಡೋಕೆ ಹೇಳು."

ಹೊರಡಲು ಹನ್ನೆರಡು ದಿನ ಇತ್ತು. ನನಗೂ ಅಳು ಬರುವ ಹಾಗಾಯಿತು. ಆದರೆ ಉಸ್ತಾದರು ಪಕ್ಕದ ಹೋಟೆಲಿನಿಂದ ಬಿಸಿ ಸುಲೈಮಾನಿ ಚಹಾ ತರಿಸಿ, ಲೋಟವನ್ನು ಬಂದೂಕಿನ ಬಲಕ್ಕೆ, ತಮ್ಮ ಕೈಯಲ್ಲೇ ಹಿಡಿದು ನಿಂತರು. "ಯಲ್ಲಾ ಹಾಜಿ, ಹೊಡೀರಿ. ಈ ಕಡೆ ಬಂದರೆ ಕೈ ಸುಡುತ್ತೆ."

ಬಂತು, ಸುಟ್ಟಿತು. ಹಾಜಿಯವರ ಬೆರಳು, ಉಸ್ತಾದರ ಬೆರಳು, ನನ್ನ ಫೈಲು. ಒಂದು ವಾರ ದಿನಾ ಮಧ್ಯಾಹ್ನ ಅದೇ ಪಾಠ. ಎಂಟನೆಯ ದಿನ ಕೈ ಎಡಕ್ಕೇ ಹೋಯಿತು, ಒಂದಲ್ಲ, ಐವತ್ತು ಸಲ! ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದೆವು.

ಹೋಟೆಲಿನವನೊಬ್ಬ ಬಾಗಿಲಲ್ಲಿ ನಿಂತು ಕೇಳಿದ: "ಜಿಂಕೆ ಆಮೇಲೆ ಹೊಡೀರಿ. ನನ್ನ ಒಡೆದ ಲೋಟಗಳಿಗೆ ಪರವಾನಗಿ ಯಾರ ಹತ್ರ ಇತ್ತು?"

ಅಣ್ಣ ಬಂದರು

ಹಾಜಿ ಹೋದ ಮೇಲೆ ಸುದ್ದಿಯೇ ಇಲ್ಲ. ಆಗ ಕಾಡಿನಿಂದ ಫೋನ್ ಮಾಡುವುದೆಲ್ಲಿ ಬಂತು? ನಾನೂ ಉಸ್ತಾದರೂ ಬಾಗಿಲು ಕಿರ್ರೆಂದರೆ ತಲೆ ಎತ್ತುತ್ತಿದ್ದೆವು. ಹುಟ್ಟಿದಾಗಿನಿಂದ ಇರುವೆಯನ್ನೂ ಕೊಲ್ಲದ ನಾನು, ಒಂದು ಜಿಂಕೆ ಬಿದ್ದಿರಲಿ ದೇವರೇ ಎಂದು ಕರಾಮದ ಬಸ್ಸಿನಲ್ಲಿ ಕೂತು ಬೇಡಿಕೊಂಡೆ. ಅವ್ವನಿಗೆ ಇವತ್ತಿಗೂ ಹೇಳಿಲ್ಲ.

ಮೂರನೆಯ ವಾರ ಬಾಗಿಲು ತೆರೆಯಿತು. ಬಂದವರು ಹಾಜಿಯಲ್ಲ. ಅವರಿಗಿಂತ ಒಂದು ಗೇಣು ಎತ್ತರದ, ಬೆಳ್ಳಗಿನ ಗಡ್ಡದ, ಗತ್ತಿನ ಮುದುಕರು. ಹಿಂದಿನಿಂದ ನಮ್ಮ ಹಾಜಿ, ನೆಲ ನೋಡಿಕೊಂಡು, ನಗು ಅದುಮಿಕೊಂಡು.

"ಇವನಿಗೆ ಬಂದೂಕು ಕೊಡಿಸಿದ್ದು ನೀನೇನಾ?" ಅಣ್ಣ ಗುಡುಗಿದರು.

"ಹೌದು ಬಾಬಾ."

"ಮೊದಲ ದಿನವೇ, ಎರಡನೇ ಗುಂಡಿಗೇ ಬೀಳಿಸಿದ. ನಾನು ಕೊನೆಯವನು. ಇವನಿಗೆ ಗುರಿ ಎಲ್ಲಿಂದ ಬರಬೇಕು? ಎಲ್ಲ ಆ ಬಂದೂಕಿನ ಕರಾಮತ್ತು. ನನಗೂ ಅಂಥದ್ದೇ ಒಂದು ತರಿಸು."

"ಆದರೆ ಬಾಬಾ, ಅದು ಎಡಗೈಯವರದು. ನೀವು ಬಲಗೈಯವರಲ್ಲವೇ?"

ಅವರು ಒಮ್ಮೆ ತಮ್ಮನ ಕಡೆ ದುರುಗುಟ್ಟಿ ನೋಡಿ, ಎಡಗೈಯನ್ನು ನನ್ನ ಮೇಜಿನ ಮೇಲೆ ಚಾಚಿದರು.

"ಹನ್ನೊಂದು ದಿನ ಬೆಳಿಗ್ಗೆ ಸಂಜೆ ಹೂಜಿ ಹಿಡಿದಿದೀನಿ, ಬೇಟಿ. ಚೆನ್ನಾಗಿ ಪಳಗಿದೆ."