ಷಡ್ಡಕನ ಹೊಟ್ಟೆ ಉರಿಸಲು ಒಂದು ಸ್ಪಿಟ್‌ಫೈರ್

"ನೋಡ್ತಾ ಇರು ಶಿಲ್ಪ, ಆ ಪ್ರಸನ್ನನ ಹೊಟ್ಟೆಯಲ್ಲಿ ಹೊಗೆ ಎಬ್ಬಿಸದಿದ್ರೆ ನನ್ನ ಹೆಸರು ಶಶಿಕಿರಣ್ ಅಲ್ಲ!"

ಕೊಪ್ಪದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಶಶಿಕಿರಣ್ ಒಂದು ಬೆಳಿಗ್ಗೆ ದೋಸೆಯನ್ನು ಸಾಕ್ಷಿಯಾಗಿಟ್ಟುಕೊಂಡು ಈ ಭೀಷ್ಮ ಪ್ರತಿಜ್ಞೆ ಮಾಡಿದ. ನರಸಿಂಹರಾಜಪುರದ ಪ್ರಸನ್ನಕುಮಾರ್ ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಪಾಪ, ಅವನು ಯಾರಿಗೂ ಏನೂ ಅನ್ಯಾಯ ಮಾಡಿರಲಿಲ್ಲ. ಮೇಲ್ಛಾವಣಿಗೆ ಕಿಟಕಿಯಿರುವ ದೊಡ್ಡ ಕಾರೊಂದನ್ನು ಕೊಂಡಿದ್ದ, ಅಷ್ಟೇ. ಇಬ್ಬರಿಗೂ ಅತ್ತೆಯಾದ ಕಲ್ಲಮ್ಮ ಆ ಕಿಟಕಿಯಿಂದ ತಲೆ ಹೊರಹಾಕಿ, ಚುನಾವಣೆ ಗೆದ್ದವರಂತೆ ಕೈ ಬೀಸುವ ಫೋಟೋ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಬಂತು. ಅಂದಿನಿಂದ ಶಶಿಕಿರಣನಿಗೆ ಮಜ್ಜಿಗೆ ಕುಡಿದರೂ ಎದೆಯುರಿ!

"ಅವ್ನು ಹೊಸ ಕಾರು ತಗೊಂಡ. ನಾನು ಹಳೇದು ತಗೋತೀನಿ!"

"ಇದೆಂತ ಸೇಡು ಮಾರಾಯ್ರೆ!" ಎಂದಳು ಶಿಲ್ಪಶ್ರೀ. ಅವಳು ಬಾಳಗಡಿಯ ಕಾಲೇಜಿನಲ್ಲಿ ಪಾಠ ಹೇಳುವವಳು, ಮನೆಯ ಸಣ್ಣ ಕಾರನ್ನು ದಿನವೂ ತಾನೇ ಓಡಿಸುವವಳು.

"ಹಳೇದು ಅಂದ್ರೆ ಗುಜರಿಯಲ್ಲ. ಕ್ಲಾಸಿಕ್! ಸ್ಪೋರ್ಟ್ಸ್ ಕಾರು! ಬಸರೀಕಟ್ಟೆ ಶರೀಫ್ ಸಾಹೇಬ್ರ ಹತ್ರ ಇದೆ. ಮೇಲೆ ಬಟ್ಟೆಯ ಹೊದಿಕೆ, ಮಡಚಿದ್ರೆ ಆಕಾಶ!"

"ಈ ಮಳೆ ಊರಲ್ಲಿ ತಲೆ ಮೇಲೆ ಮಾಡೇ ಇಲ್ಲದ ಕಾರು ತಗೊಂಡು ಏನ್ ಮಾಡುದು?"

ಪ್ರತಿಜ್ಞೆ ಮಾಡಿದವನಿಗೆ ಮಳೆಯ ಲೆಕ್ಕವೆಲ್ಲಿ, ಶಶಿಕಿರಣ್ ಅಂದೇ ಬಸರೀಕಟ್ಟೆಗೆ ಹೊರಟ.

ಶರೀಫ್ ಸಾಹೇಬರು ಕಾಫಿ ವ್ಯಾಪಾರ ಬಿಟ್ಟು ಕುಳಿತ ಹಿರಿಯರು. ಶೆಡ್ಡಿನ ಬಾಗಿಲು ತೆಗೆದು, ಮಗುವಿನ ಮೇಲಿನ ಕಂಬಳಿ ಸರಿಸುವಂತೆ ಹೊದಿಕೆ ಸರಿಸಿದರು. ಕೆಂಪು ಬಣ್ಣ, ಮರದ ಡ್ಯಾಶ್‌ಬೋರ್ಡ್, ಒಂದೇ ಒಂದು ತುಕ್ಕಿನ ಚುಕ್ಕೆಯಿಲ್ಲ. ಶಶಿಕಿರಣನ ಕಣ್ಣಿಗೆ ಅದರ ಬಂಪರಿನಲ್ಲಿ ಪ್ರಸನ್ನನ ಸಪ್ಪೆ ಮುಖವೇ ಹೊಳೆಯಿತು!

"ಮಂಡಿ ಮಡಚಲಿಕ್ಕೆ ಆಗುದಿಲ್ಲ, ಅದಕ್ಕೇ ಕೊಡ್ತಿರುದು. ಈ ಕಾರಿಗೆ ಹತ್ತುದಲ್ಲ ಮಾರಾಯ, ಇಳಿಯುದು, ಅಷ್ಟು ತಗ್ಗು," ಎಂದರು ಸಾಹೇಬರು. "ಆದ್ರೆ ಇದ್ರ ಚರಿತ್ರೆ ಗೊತ್ತಿಲ್ಲದವ್ರಿಗೆ ನಾನು ಕೀ ಕೊಡುದಿಲ್ಲ. ಕೂತ್ಕೋ."

ಶಶಿಕಿರಣ್ ಕುಳಿತ, ಸಾಹೇಬರು ಶುರುಮಾಡಿದರು. ಟ್ರಯಂಫ್ ಸ್ಪಿಟ್‌ಫೈರ್, ಇಂಗ್ಲೆಂಡಿನದು. ರೂಪ ಬರೆದವನು ಇಟಲಿಯವನು. ಹೆಸರು ಯುದ್ಧವಿಮಾನದ್ದು, ಅರ್ಥ ಬೆಂಕಿ ಉಗುಳುವುದು. ಮೊದಲ ಮಾದರಿ ತಯಾರಾದಾಗ ಕಂಪನಿಯಲ್ಲೇ ದುಡ್ಡಿರಲಿಲ್ಲ. ಕಾರು ಮುಸುಕು ಹೊದ್ದು ಫ್ಯಾಕ್ಟರಿಯ ಮೂಲೆಯಲ್ಲಿ ಮಲಗಿತ್ತು. ಕಂಪನಿ ಕೈ ಬದಲಾಯಿತು, ಹೊಸ ಯಜಮಾನರು ಮುಸುಕು ಎತ್ತಿ ನೋಡಿ ಮರುಳಾದರು. ಅರವತ್ತೆರಡರಲ್ಲಿ ಹೊರಬಂದದ್ದು ಎಂಬತ್ತರವರೆಗೂ ತಯಾರಾಯಿತು. ಅಡಿಯ ಚೌಕಟ್ಟು ಅದೇ ಕಂಪನಿಯ ಹೆರಾಲ್ಡ್ ಕಾರಿನದು. ಆ ಹೆರಾಲ್ಡ್ ನಮ್ಮ ಮದ್ರಾಸಿನಲ್ಲೂ ತಯಾರಾಗುತ್ತಿದ್ದರಿಂದ ಸಾಹೇಬರಿಗೆ ಬಿಡಿಭಾಗ ಹುಡುಕುವುದು ಅಷ್ಟು ಕಷ್ಟವಾಗಿರಲಿಲ್ಲ.

"ನಾನು ಹುಟ್ಟಿದ ಊರು ಯಾವುದು ಕೇಳಿ, ಮರೆತಿರ್ತಾರೆ!" ಚಹಾ ತಂದ ಸಾಹೇಬರ ಹೆಂಡತಿ ಹಬೀಬಾಬಿ ಕಾರಿನ ಕಡೆ ಸವತಿಯನ್ನು ನೋಡುವಂತೆ ನೋಡಿದರು. "ಬೇಗ ತಗೊಂಡು ಹೋಗಿಯಪ್ಪ!"

ಮುಂದಿನ ಭಾನುವಾರ ಪ್ರಸನ್ನನ ಹೊಸಮನೆಯ ಗೃಹಪ್ರವೇಶ. ಹೊಟ್ಟೆ ಉರಿಸಲು ಇದಕ್ಕಿಂತ ಶುಭಮುಹೂರ್ತ ಬೇಕೆ! ಶಶಿಕಿರಣ್ ಬಟ್ಟೆಯ ಮಾಡು ಮಡಚಿ, ಕಪ್ಪು ಕನ್ನಡಕ ಏರಿಸಿ, ಹೆಂಡತಿಯೊಂದಿಗೆ ಚಪ್ಪರದ ಮುಂದೆಯೇ ಬಂದು ನಿಂತ. ಜನ ಮುತ್ತಿದರು. ಗತ್ತಿನಿಂದ ಬಾನೆಟ್ ಎತ್ತಿದ. ಆ ಕಾರಿನ ಬಾನೆಟ್ ಎಂದರೆ ಮುಂಭಾಗವೆಲ್ಲ ಒಟ್ಟಿಗೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಹಿಂದಿನಿಂದ ಯಾರೋ ಕೂಗಿದರು: "ಅಯ್ಯೋ, ಮೂತಿನೇ ಕಿತ್ತು ಬಂತು!"

ಪ್ರಸನ್ನಕುಮಾರ್ ಓಡಿಬಂದ. ಶಶಿಕಿರಣ್ ಹೊಗೆಗಾಗಿ ಕಾದ.

"ಶಶಿಯಣ್ಣ! ಎಂಥಾ ಗಾಡಿ! ನಂಗೇ ತಗೊಂಡಷ್ಟು ಖುಷಿ ಆಯ್ತು!" ಎಂದು ಅವನು ತಬ್ಬಿಕೊಂಡೇಬಿಟ್ಟ.

ಹೊಗೆಯಿಲ್ಲ! ಕಿಡಿಯೂ ಇಲ್ಲ! ಶಶಿಕಿರಣ್ ಆ ಮುಖವನ್ನು ಹತ್ತಿರದಿಂದ, ದೂರದಿಂದ, ಕನ್ನಡಕ ತೆಗೆದು ನೋಡಿದ. ಬರೀ ಸಂತೋಷ. ಇಂಗ್ಲೆಂಡು, ಇಟಲಿ, ಮದ್ರಾಸು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. "ಅಬ್ಬ! ಎಷ್ಟು ತಿಳ್ಕೊಂಡಿದೀರಿ!" ಎಂದು ಷಡ್ಡಕ ಇನ್ನೂ ಅರಳಿದ. ಕೊನೆಗೆ ಶಶಿಕಿರಣ್ ಬ್ರಹ್ಮಾಸ್ತ್ರವನ್ನೇ ತೆಗೆದ. ಒಮ್ಮೆ ಓಡಿಸಿದನೆಂದರೆ ಇವನಿಗೆ ತನ್ನ ಕಾರು ಎತ್ತಿನಗಾಡಿ ಅನ್ನಿಸಬೇಕು!

"ತಗೋ ಕೀ. ಒಂದು ಸುತ್ತು ಹೊಡ್ಕೊಂಡು ಬಾ."

ಪ್ರಸನ್ನ ಕಲ್ಲಮ್ಮನನ್ನು ಕೂರಿಸಿಕೊಂಡು ಹೋದ. ಬಂದ. ಆಮೇಲೆ ಪೂಜೆಗೆ ಬಂದ ಅಯ್ಯನವರನ್ನು ಕರೆದೊಯ್ದ. ಆಮೇಲೆ ನೆಂಟರು ಸಾಲುಗಟ್ಟಿದರು. ಅಷ್ಟರಲ್ಲಿ ಪಂಕ್ತಿ ಕುಳಿತೇಬಿಟ್ಟಿತು, ಮನೆಯ ಯಜಮಾನನೇ ನಾಪತ್ತೆ! ನಾದಿನಿ ಬಂದು ಶಶಿಕಿರಣನ ಕೈಗೆ ಸಾರಿನ ಬಕೆಟ್ ಕೊಟ್ಟಳು. "ಭಾವ, ನೀವೇ ಮನೆಯವ್ರಲ್ವಾ, ಸ್ವಲ್ಪ ನೋಡ್ಕೊಳ್ಳಿ."

ಕಪ್ಪು ಕನ್ನಡಕದಲ್ಲೇ ಸಾರು ಬಡಿಸುತ್ತಿದ್ದಾಗ ಊಟಕ್ಕೆ ಕುಳಿತವರೊಬ್ಬರು ಕೇಳಿದರು: "ಸಾರು ಚೆನ್ನಾಗುಂಟು. ನಿಮ್ಮ ಅಡುಗೆ ಕಂಟ್ರಾಕ್ಟು ಯಾವ ಊರಿಂದು?"

ಅಷ್ಟರಲ್ಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೆಂಪು ಕಾರು, ಸ್ಟೀರಿಂಗ್ ಹಿಡಿದ ಪ್ರಸನ್ನ, ಪಕ್ಕದಲ್ಲಿ ಕಲ್ಲಮ್ಮ. ಕೆಳಗೆ ಅಭಿನಂದನೆಗಳ ಮಳೆ: "ಹೊಸ ಮನೆ ಜೊತೆ ಹೊಸ ಕಾರು! ಅದೃಷ್ಟವಂತ!"

ಸಂಜೆ ಹೊರಡುವ ಹೊತ್ತಿಗೆ ಕಲ್ಲಮ್ಮ ಚೀಲ ಹಿಡಿದು ಬಂದು ಕೆಂಪು ಕಾರಿನಲ್ಲಿ ಕುಳಿತೇಬಿಟ್ಟಿದ್ದರು. "ನಾನೂ ಕೊಪ್ಪಕ್ಕೆ ಬರ್ತೀನಿ. ಈ ಕಾರಲ್ಲೇ!"

ಇರುವುದೇ ಎರಡು ಸೀಟು. ಉಳಿದೊಂದು ಸೀಟನ್ನು ಗಂಡ ಹೆಂಡತಿ ಇಬ್ಬರೂ ನೋಡಿದರು. ಶಿಲ್ಪಶ್ರೀ ಮೆಲ್ಲಗೆ ಅಂದಳು: "ಅಮ್ಮನ ಜೊತೆ ದಾರಿಯುದ್ದಕ್ಕೂ ನೀವು ಮಾತಾಡ್ತೀರೋ, ನಾನು ಓಡಿಸ್ಲೋ?"

ಶಶಿಕಿರಣ್ ಬೇಗನೆ ಕೀ ಕೊಟ್ಟ.

"ನಾನು ಬಿಡ್ತೀನಿ ಬನ್ನಿ ಶಶಿಯಣ್ಣ, ನನ್ನ ಕಾರಲ್ಲಿ!" ಎಂದ ಪ್ರಸನ್ನ, ಅದೇ ಹಾಳು ಪ್ರೀತಿಯಿಂದ.

ಆ ಕಾರಿಗೆ ಹತ್ತುವುದೇ? ಪ್ರಾಣ ಹೋದರೂ ಇಲ್ಲ! "ಇಲ್ಲೇ ಸ್ವಲ್ಪ ಕೆಲಸ ಉಂಟು," ಎಂದು ಶಶಿಕಿರಣ್ ಬಸ್‌ಸ್ಟ್ಯಾಂಡಿಗೆ ನಡೆದ.

ಕೊಪ್ಪದ ಬಸ್ಸು ತುಂಬಿ ತುಳುಕುತ್ತಿತ್ತು. ಒಂಟಿ ಕಾಲಲ್ಲಿ ಜೋತಾಡುತ್ತಿದ್ದಾಗ ಹಿಂದಿನಿಂದ ಹಾರ್ನ್ ಕೇಳಿಸಿತು. ಕೆಂಪು ಸ್ಪಿಟ್‌ಫೈರ್ ಬಸ್ಸನ್ನು ಹಿಂದಿಕ್ಕಿ ಹೋಯಿತು. ಶಿಲ್ಪಶ್ರೀಯ ಕಣ್ಣಿಗೆ ಅವನ ಕಪ್ಪು ಕನ್ನಡಕ. ಕಲ್ಲಮ್ಮ ಬಸ್ಸಿನ ಸಮಸ್ತ ಪ್ರಯಾಣಿಕರಿಗೂ ಕೈ ಬೀಸಿದರು.

ಪಕ್ಕದಲ್ಲಿ ನಿಂತವನು ಕಿಟಕಿಯಾಚೆ ಬಗ್ಗಿ ನೋಡಿ ನಿಟ್ಟುಸಿರುಬಿಟ್ಟ. "ಎಂಥಾ ಕಾರು! ಓಡಿಸ್ತಿರುವ ಆ ಯಮ್ಮನ ಗಂಡ ಎಷ್ಟು ಪುಣ್ಯ ಮಾಡಿರ್ಬೇಕು! ಅಂಥವ್ರನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುದಿಲ್ವಾ ಹೇಳಿ?"

"ಉರೀತಾ ಉಂಟು ಮಾರಾಯ್ರೆ," ಎಂದ ಶಶಿಕಿರಣ್. "ಸ್ವಲ್ಪ ನನ್ನ ಕಾಲಿನ ಮೇಲಿಂದ ಇಳೀರಿ."